ಹಳೆಯ ಕಾರು, ಹೊಸ ವಿದ್ಯಾರ್ಥಿನಿ

"ಏನಯ್ಯ ಮೇಷ್ಟ್ರೆ, ಬರೋ ಭಾನುವಾರ ಬಿಡುವು ಮಾಡಿಕೊಂಡು ಬಾ. ಒಂದು ಕಾರು ನೋಡಬೇಕು" ಎಂದು ಭಾವನವರು ಹೆಮ್ಮರಗಾಲದಿಂದ ಫೋನು ಮಾಡಿದಾಗ ನಾನು ಅವರ ಮಾತನ್ನು ವಿನೋದವೆಂದೇ ಭಾವಿಸಿದೆ. ತೆಂಗು, ಬಾಳೆಗಳ ನಡುವೆ ಬದುಕು ಸವೆಸಿದ ಅವರು ತಮ್ಮ ಹಳೆಯ ಮೊಪೆಡ್ಡನ್ನೇ ಹದಿನಾರು ವರ್ಷ ಓಡಿಸಿದವರು. ಅಂಥವರಿಗೆ ಕಾರಿನ ಹಂಬಲ ಹುಟ್ಟಿತೆಂದರೆ ಕಾರಣ ಗಟ್ಟಿಯಾದದ್ದೇ ಇರಬೇಕು.

"ಪಂಪ ರನ್ನರನ್ನು ಪಾಠ ಹೇಳುವವನಿಗೆ ಪಿಸ್ಟನ್ನಿನ ವಿಚಾರ ಏನು ತಿಳಿಯುತ್ತೆ ಭಾವ?" ಎಂದೆ.

"ಹಳಗನ್ನಡ ತಿಳಿದವನಿಗೆ ಹಳೇ ಕಾರು ತಿಳಿಯೋದಿಲ್ವೆ? ಬಾ, ಬಾ" ಎಂದು ನಕ್ಕರು.

ಹೀಗೆ ಆರಂಭವಾದ ನಮ್ಮ ಅನ್ವೇಷಣೆ ಎರಡು ತಿಂಗಳು ನಡೆಯಿತು. ಆ ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕಾರೇ ಏಕೆ?

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಹೆಸರನ್ನು ಅನೇಕರು ಅಲ್ಲಿನ ಸಂತಾನ ವೇಣುಗೋಪಾಲಸ್ವಾಮಿಯ ದೆಸೆಯಿಂದ ಕೇಳಿರುತ್ತಾರೆ. ಮಕ್ಕಳಿಲ್ಲದ ದಂಪತಿಗಳು ದೂರದೂರದಿಂದ ಬಂದು ಹರಕೆ ಹೊರುವ ಕ್ಷೇತ್ರ ಅದು. ಮಕ್ಕಳನ್ನು ಬೇಡಿಕೊಳ್ಳಲು ಬರುವವರಿಗೆ ಆ ಊರು ಸಮೀಪವೇ. ಆದರೆ ಅದೇ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಕಾಲೇಜು ದೂರ. ನಂಜನಗೂಡಿಗೆ ಸುಮಾರು ಹದಿನೈದು ಕಿಲೋಮೀಟರು, ಅಲ್ಲಿಂದ ಮೈಸೂರಿಗೆ ಮತ್ತೆ ಇಪ್ಪತ್ತಮೂರು, ಇಪ್ಪತ್ತನಾಲ್ಕು.

ಅಕ್ಕನ ಮಗಳು 2025ರಲ್ಲಿ ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಸೇರಿದಳು. ಬಸ್ಸಿನ ಖರ್ಚಿನ ಚಿಂತೆ ಇರಲಿಲ್ಲ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಕಾರಣ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ. ಕೊರತೆ ಇದ್ದದ್ದು ಹಣದ್ದಲ್ಲ, ಹೊತ್ತಿನದು. ಪ್ರಯೋಗಾಲಯದ ತರಗತಿ ಸಂಜೆ ಐದಕ್ಕೆ ಮುಗಿದ ದಿನ ನಂಜನಗೂಡಿಗೇನೋ ಬೇಗ ಬಂದುಬಿಡುವಳು. ಅಲ್ಲಿಂದ ಊರಿನ ಬಸ್ಸು ಹೊರಟುಹೋಗಿದ್ದರೆ ಮುಂದಿನದಕ್ಕೆ ಕಾಯಬೇಕು. ಅಕ್ಕ ಕೈಯಲ್ಲಿ ಬ್ಯಾಟರಿ ಹಿಡಿದು ಊರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವಳು.

ಸ್ಕೂಟರು ಕೊಡಿಸಿದರೆ ಸಾಲದೆ ಎಂದು ನಾನೂ ಕೇಳಿದೆ. ಅಕ್ಕ ಒಪ್ಪಲಿಲ್ಲ. ಕಬ್ಬಿನ ಗದ್ದೆಗಳ ನಡುವಿನ ದಾರಿ ಅದು. 2022ರ ಕೊನೆಯಲ್ಲಿ ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಕಾಲೇಜು ವಿದ್ಯಾರ್ಥಿಗಳೂ ಬಲಿಯಾದದ್ದನ್ನು ಈ ಸೀಮೆಯ ಯಾವ ತಾಯಿಯೂ ಮರೆತಿಲ್ಲ. "ನಾಲ್ಕು ಬಾಗಿಲು ಮುಚ್ಚಿಕೊಂಡು ಬರೋ ಗಾಡಿ ಇದ್ದರೆ ಓದಲಿ, ಇಲ್ಲದಿದ್ದರೆ ಹಾಸ್ಟೆಲ್ಲಿಗೆ ಸೇರಲಿ" ಎಂಬುದು ಅವಳ ತೀರ್ಮಾನ. ಹಾಸ್ಟೆಲ್ಲಿಗೆ ಹೋಗಲು ಹುಡುಗಿಗೆ ಮನಸ್ಸಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ. ರಾತ್ರಿ ಅವರ ಪಕ್ಕದಲ್ಲಿ ಮಲಗುವವಳು ಇವಳೇ.

ಭಾವನವರ ಬಳಿ ಕೂಡಿಟ್ಟ 2,75,000 ರೂಪಾಯಿ ಇತ್ತು. ಇದರಲ್ಲಿ ಹೊಸ ಕಾರು ಬಾರದು, ಸಾಲ ಮಾಡುವ ಇಚ್ಛೆ ಅವರಿಗಿಲ್ಲ. ಉಳಿದದ್ದು ಹಳೆಯ ಕಾರು.

ಮಾರುತಿಯ ಮೋಹ

ಭಾವನವರ ಮನಸ್ಸು ಆಗಲೇ ಒಂದು ಮಾರುತಿ 800ರ ಮೇಲೆ ನೆಟ್ಟಿತ್ತು. ಪಕ್ಕದ ಊರಿನವರೊಬ್ಬರ ಕೊಟ್ಟಿಗೆಯಲ್ಲಿದ್ದ ಆ ಬಿಳಿಯ ಕಾರು ಅರವತ್ತು ಸಾವಿರಕ್ಕೆ ಸಿಗುತ್ತಿತ್ತು. ಅವರ ಮೋಹವನ್ನು ನಾನು ತಪ್ಪೆನ್ನಲಾರೆ. ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಕಾರನ್ನು ತಂದದ್ದೇ ಆ ಪುಟ್ಟ ವಾಹನ. ಅದಕ್ಕೆ ಮೊದಲು ಅಂಬಾಸಿಡರ್, ಫಿಯೆಟ್ ಎಂಬ ಎರಡು ಹೆಸರುಗಳನ್ನು ಬಿಟ್ಟರೆ ಜನಕ್ಕೆ ಹೆಚ್ಚಿನ ಆಯ್ಕೆ ಇರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿದ್ದ ಆ ದಿನಗಳಲ್ಲಿ ಬಳಸಿದ ಕಾರಿಗೂ ಗಿರಾಕಿಗಳ ನೂಕುನುಗ್ಗಲು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈಯನ್ನು ಅದರ ಮಾಲೀಕರಿಗೆ ಒಪ್ಪಿಸಿದರು. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನು, ಹಗುರವಾದ ಮೈ, ಎಲ್ಲೆಡೆ ದೊರೆಯುವ ಬಿಡಿಭಾಗ. ಮೂವತ್ತು ವರ್ಷ ತಯಾರಾಗಿ 2014ರ ಜನವರಿಯಲ್ಲಿ ಅದರ ಉತ್ಪಾದನೆ ನಿಂತಿತು.

ಭಾವನವರು ಚಿಕ್ಕಂದಿನಲ್ಲಿ ಊರ ಜಾತ್ರೆಗೆ ಬಂದ ಒಂದು ಕೆಂಪು ಮಾರುತಿಯನ್ನು ಮುಟ್ಟಿ ನೋಡಿ ಬೈಸಿಕೊಂಡಿದ್ದರಂತೆ. ಮಗಳನ್ನು ಅದೇ ಕಾರಿನಲ್ಲಿ ಕೂರಿಸುವುದು ಅವರಿಗೊಂದು ಸಮಾಧಾನ. ಆದರೆ ಕಾರನ್ನು ಕೊಳ್ಳುವುದು ತಂದೆಯ ನೆನಪಿಗಾಗಿಯೋ, ಮಗಳ ದಾರಿಗಾಗಿಯೋ? ಈ ಪ್ರಶ್ನೆಯನ್ನು ಕೇಳಿದವಳು ಹುಡುಗಿಯೇ. "ಅಪ್ಪ, ನೀವು ಕಾರು ನೋಡ್ತಾ ಇದ್ದೀರಿ. ನಾನು ಹೋಗಬೇಕಾದ್ದು ರಸ್ತೆ ಮೇಲೆ. ಮೊದಲು ರಸ್ತೆ ಲೆಕ್ಕ ಹಾಕೋಣ" ಎಂದು ಅವಳು ನೋಟುಬುಕ್ಕು ತೆರೆದಳು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಮೊದಲು ದಾರಿಯನ್ನು ಅಳೆಯಿರಿ

ಹೆಮ್ಮರಗಾಲದಿಂದ ಮೈಸೂರಿಗೆ ಹೋಗಿ ಬರಲು ದಿನಕ್ಕೆ ಹೆಚ್ಚುಕಡಮೆ ಎಂಬತ್ತು ಕಿಲೋಮೀಟರು. ಹತ್ತು ಹನ್ನೆರಡು ವರ್ಷ ಓಡಿದ ಸಣ್ಣ ಪೆಟ್ರೋಲು ಕಾರು ಲೀಟರಿಗೆ ಹದಿನಾರು ಕಿಲೋಮೀಟರು ಕೊಟ್ಟರೆ ಸಂತೋಷಪಡಬೇಕು. ಅಲ್ಲಿಗೆ ದಿನಕ್ಕೆ ಐದು ಲೀಟರು. ಪೆಟ್ರೋಲಿನ ಬೆಲೆ ನೂರನ್ನು ದಾಟಿದೆ. ಲೆಕ್ಕಕ್ಕೆ ಸುಲಭವಾಗಲೆಂದು ನೂರೇ ಎಂದಿಟ್ಟುಕೊಂಡರೂ ದಿನಕ್ಕೆ 500 ರೂಪಾಯಿ, ಇಪ್ಪತ್ತನಾಲ್ಕು ದಿನಗಳ ತಿಂಗಳಿಗೆ 12,000, ವರ್ಷದ ಹತ್ತು ತಿಂಗಳಿಗೆ 1,20,000. ನಾಲ್ಕು ವರ್ಷದ ವ್ಯಾಸಂಗ ಮುಗಿಯುವ ವೇಳೆಗೆ 4,80,000 ರೂಪಾಯಿ!

ಭಾವನವರು ಆ ಸಂಖ್ಯೆಯನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅರವತ್ತು ಸಾವಿರದ ಕಾರು ಅಗ್ಗ ಎಂದುಕೊಂಡಿದ್ದವರಿಗೆ ಅದರ ಎಂಟು ಪಾಲು ಹಣ ಪೆಟ್ರೋಲಿಗೇ ಬೇಕೆಂಬ ಅರಿವು ಅದುವರೆಗೆ ಇರಲಿಲ್ಲ.

ಹುಡುಗಿ ಎರಡನೆಯ ಲೆಕ್ಕ ಬರೆದಳು. ತೊಂದರೆ ಇರುವುದು ಊರಿನಿಂದ ನಂಜನಗೂಡಿನವರೆಗೆ ಮಾತ್ರ. ನಂಜನಗೂಡಿನಿಂದ ಮೈಸೂರಿಗೆ ಬಸ್ಸುಗಳು ಒಂದರ ಹಿಂದೆ ಒಂದು ಇವೆ, ಅವಳಿಗೆ ಉಚಿತ. 1891ರಲ್ಲಿ ಹಾಕಿದ ರೈಲುದಾರಿಯೂ ಇದೆ. ನಂಜನಗೂಡಿನಲ್ಲಿ ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತಿದರೆ, ದಿನಕ್ಕೆ ಓಡಬೇಕಾದ್ದು ಮೂವತ್ತು ಕಿಲೋಮೀಟರು. ಎರಡು ಲೀಟರಿಗೂ ಕಡಮೆ. ತಿಂಗಳಿಗೆ 4,800, ವರ್ಷಕ್ಕೆ 48,000, ನಾಲ್ಕು ವರ್ಷಕ್ಕೆ 1,92,000. ಉಳಿತಾಯ 2,88,000 ರೂಪಾಯಿ. ಅಂದರೆ ನಾವು ಕೊಳ್ಳಲಿರುವ ಕಾರಿನ ಬೆಲೆಗಿಂತಲೂ ಹೆಚ್ಚು!

ಕಾರೆಂದರೆ ಮನೆಯಿಂದ ಕಾಲೇಜಿನ ಗೇಟಿನವರೆಗೆ ಹೋಗತಕ್ಕದ್ದು ಎಂಬ ನಮ್ಮ ಕಲ್ಪನೆಯೇ ದುಬಾರಿಯಾದದ್ದು. ಬಸ್ಸು ಎಲ್ಲಿ ಕೈಬಿಡುತ್ತದೆಯೋ ಅಲ್ಲಿ ಮಾತ್ರ ಕಾರು ಕೈಹಿಡಿದರೆ ಸಾಕು. ಹಳೆಯ ಕಾರಿಗೂ ಇದು ಹಿತ: ದಿನಕ್ಕೆ ಮೂವತ್ತು ಕಿಲೋಮೀಟರಿನ ಕೆಲಸವನ್ನು ವಯಸ್ಸಾದ ಎಂಜಿನು ನಿಭಾಯಿಸುತ್ತದೆ. ಹೆದ್ದಾರಿಯ ಲಾರಿಗಳ ನಡುವೆ ಹೊಸದಾಗಿ ಲೈಸೆನ್ಸು ಪಡೆದ ಹುಡುಗಿ ನಿತ್ಯವೂ ಓಡಿಸಬೇಕಾದ ಭಯವೂ ತಪ್ಪಿತು.

ಪದವಿಯ ವಯಸ್ಸು, ಕಾರಿನ ವಯಸ್ಸು

ಇನ್ನು ಎಷ್ಟು ಹಳೆಯ ಕಾರು? ಇದಕ್ಕೆ ಉತ್ತರ ಕಾನೂನಿನಲ್ಲಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷ ಊರ್ಜಿತ. ಬಳಿಕ ವಾಹನವನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹಿಂದೆ ಇದಕ್ಕೆ 600 ರೂಪಾಯಿ ಶುಲ್ಕವಿತ್ತು. 2022ರ ಏಪ್ರಿಲ್ 1ರಿಂದ ಅದು 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಶುಲ್ಕಕ್ಕಿಂತ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಮಾಡಿಸಬೇಕಾದ ರಿಪೇರಿಯೇ ಭಾರಿಯಾದದ್ದು. ತುಕ್ಕು ಹಿಡಿದ ತಳ, ಸವೆದ ಬ್ರೇಕು, ಹೊಗೆ ಕಾರುವ ಎಂಜಿನು ಇವನ್ನೆಲ್ಲ ಒಟ್ಟಿಗೆ ಸರಿಪಡಿಸಬೇಕಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗೆ ಕಾರು ಕೊಡಿಸುವವರು ನೆನಪಿಡಬೇಕಾದ ಸುಲಭ ಸೂತ್ರವೊಂದಿದೆ: ಕಾರಿನ ನೋಂದಣಿ ಮುಗಿಯುವ ಮೊದಲು ಮಕ್ಕಳ ಪದವಿ ಮುಗಿಯಬೇಕು. ನಮ್ಮ ಹುಡುಗಿಯ ಪದವಿ 2029ಕ್ಕೆ. 2012ರ ಕಾರು ಕೊಂಡರೆ 2027ರಲ್ಲಿ, ಓದಿನ ನಡುವೆಯೇ, ನವೀಕರಣದ ಗೋಳು. 2014ರ ದ್ವಿತೀಯಾರ್ಧದಲ್ಲಿ ನೋಂದಣಿಯಾದದ್ದಾದರೆ ಎರಡೂ ಸರಿಹೊಂದುತ್ತವೆ. ಕೊಟ್ಟಿಗೆಯ ಮಾರುತಿ ಇಲ್ಲಿಯೇ ಬಿದ್ದುಹೋಯಿತು. ಅದಕ್ಕೆ ಆಗಲೇ ಇಪ್ಪತ್ತೊಂದು ವರ್ಷ.

ದೆಹಲಿಯಿಂದ ಬಂದ ಕಾರುಗಳು ಅಗ್ಗವೆಂದು ಕೆಲವರು ಆಸೆ ಹುಟ್ಟಿಸಿದರು. ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷದ ಡೀಸೆಲ್ ಮತ್ತು ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಹರಿದು ಬಂದದ್ದು ನಿಜ. ಆದರೆ ಬೇರೆ ರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳಬೇಕಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿನ ತೆರಿಗೆ ಕಟ್ಟಿ, ಹೊಸ ಸಂಖ್ಯೆ ಪಡೆಯಬೇಕು. ಬೆಲೆಯಲ್ಲಿ ಉಳಿದದ್ದು ತೆರಿಗೆಯಲ್ಲಿ ಹೋಗುತ್ತದೆ. ಮೈಸೂರಿನ ಕೆಎ 09 ಅಥವಾ ಕೆಎ 55 ಸಂಖ್ಯೆಯ ಕಾರನ್ನೇ ಹುಡುಕುವುದೆಂದು ನಿಶ್ಚಯಿಸಿದೆವು.

ಹೊಳಪಿನ ಹಿಂದೆ

ಮೊದಲ ಭಾನುವಾರ ಮೈಸೂರಿನ ಹೊರವಲಯದ ಒಂದು ಮಾರಾಟದ ಅಂಗಳಕ್ಕೆ ಹೋದೆವು. ಬೆಳ್ಳಿ ಬಣ್ಣದ ಒಂದು ಕಾರು ಮದುಮಗನಂತೆ ನಿಂತಿತ್ತು. ಮೈ ಕನ್ನಡಿ, ಒಳಗೆ ಅತ್ತರಿನ ಪರಿಮಳ. ಓಡಿರುವುದು ಕೇವಲ 38,000 ಕಿಲೋಮೀಟರೆಂದು ಮೀಟರು ಹೇಳುತ್ತಿತ್ತು. ನಾನಂತೂ ಸೋತುಹೋದೆ. ಮುಂಗಡ ಕೊಡಲು ಕೈ ಜೇಬಿಗೆ ಹೋಗಿತ್ತು. ಅದೃಷ್ಟಕ್ಕೆ ನಂಜನಗೂಡಿನ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಭಾವನವರು ಜೊತೆಗೆ ಕರೆತಂದಿದ್ದರು.

ಮೇಸ್ತ್ರಿ ಬಣ್ಣವನ್ನು ನೋಡಲೇ ಇಲ್ಲ. ಬಾಗಿಲು ತೆರೆದು ಕುಳಿತು ಕಾಲಿನ ಪೆಡಲುಗಳನ್ನು ನೋಡಿದರು. ರಬ್ಬರು ಸವೆದು ಲೋಹ ಇಣುಕುತ್ತಿತ್ತು. "ಮೂವತ್ತೆಂಟು ಸಾವಿರಕ್ಕೆ ಇಷ್ಟು ಸವೆಯೋದಿಲ್ಲ ಸಾರ್" ಎಂದರು. ಬಳಿಕ ಸೀಟು ಬೆಲ್ಟನ್ನು ಪೂರ್ತಿ ಹೊರಗೆಳೆದರು. ನಾವು ನಿತ್ಯ ಎಳೆಯುವ ಭಾಗ ಸ್ವಚ್ಛವಾಗಿತ್ತು. ಸುರುಳಿಯ ಕೊನೆಯ ಭಾಗದಲ್ಲಿ ಮಣ್ಣಿನ ಗೆರೆ! ಕಾಲಿನ ಹಾಸನ್ನು ಎತ್ತಿ ಬೆರಳಾಡಿಸಿದರೆ ನುಣ್ಣನೆಯ ಕೆಸರು. ಸೀಟಿನ ಕೆಳಗಿನ ಕಂಬಿಗಳಿಗೆ ತುಕ್ಕು. "ಇದು ನೀರು ಕುಡಿದ ಗಾಡಿ" ಎಂದು ಮೇಸ್ತ್ರಿ ಇಳಿದುಬಿಟ್ಟರು.

ನಮ್ಮ ಸೀಮೆಯವರಿಗೆ ಈ ಮಾತು ಹೊಸದಲ್ಲ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆಯೇ ಹರಿದು ಸಂಚಾರ ನಿಂತಿತ್ತು. ನೆರೆಯಲ್ಲಿ ಮುಳುಗಿದ ಕಾರನ್ನು ತೊಳೆದು ಒಣಗಿಸಿದರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ವೈರುಗಳ ಸಂಧಿಗಳಲ್ಲಿ ಸೇರಿದ ತೇವ ವರ್ಷ ಕಳೆದ ಮೇಲೆ ಒಂದೊಂದಾಗಿ ತನ್ನ ಕೆಲಸ ತೋರಿಸುತ್ತದೆ. ಇಂದು ದೀಪ, ನಾಳೆ ಪೆಟ್ರೋಲಿನ ಪಂಪು, ಮುಂದೊಂದು ದಿನ ಕತ್ತಲೆಯ ದಾರಿಯಲ್ಲಿ ಎಂಜಿನ್ನೇ ಮೌನ. ಯಾವ ಭಯದಿಂದ ಕಾರು ಕೊಳ್ಳಹೊರಟಿದ್ದೆವೋ ಅದೇ ಭಯವನ್ನು ಹಣ ಕೊಟ್ಟು ತಂದಂತಾಗುತ್ತಿತ್ತು.

ಹಿಂದಿರುಗುವಾಗ ಮೇಸ್ತ್ರಿ ಹೇಳಿಕೊಟ್ಟ ಪರೀಕ್ಷೆಗಳನ್ನು ಹುಡುಗಿ ಬರೆದುಕೊಂಡಳು. ಅವನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತೇನೆ.

ಕಾರು ನೋಡಲು ಬೆಳಗ್ಗೆಯೇ ಹೋಗಬೇಕು. ನೀವು ಬರುವ ಮೊದಲು ಎಂಜಿನು ಚಾಲೂ ಮಾಡಬಾರದೆಂದು ಮಾಲೀಕರಿಗೆ ತಿಳಿಸಿರಬೇಕು. ಬಿಸಿಯಾದ ಎಂಜಿನು ತನ್ನ ರೋಗವನ್ನು ಬಚ್ಚಿಡುತ್ತದೆ. ತಣ್ಣಗಿರುವಾಗ ಚಾಲೂ ಮಾಡಿದರೆ ಹಿಂದಿನ ಕೊಳವೆಯ ಹೊಗೆಯೇ ಜಾತಕ ಹೇಳುತ್ತದೆ. ನೀಲಿ ಹೊಗೆಯಾದರೆ ಎಂಜಿನು ಆಯಿಲನ್ನು ಸುಡುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಮಿತಿಮೀರಿ ಹೋಗುತ್ತಿದೆ. ಎಂಜಿನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ತಂಪುಗೊಳಿಸುವ ನೀರು ಒಳಗೆ ಸೋರುತ್ತಿದೆಯೆಂದು ಶಂಕಿಸಬೇಕು. ಆಯಿಲು ಹಾಕುವ ಮುಚ್ಚಳದ ಒಳಮೈಗೆ ಮಜ್ಜಿಗೆಯಂಥ ನೊರೆ ಅಂಟಿದ್ದರೆ ಆ ಶಂಕೆ ಬಲವಾಗುತ್ತದೆ.

ಕೈ ಬ್ರೇಕು ಎಳೆದು, ಮೂರನೆಯ ಗೇರಿನಲ್ಲಿಟ್ಟು, ಮೆಲ್ಲಗೆ ಕ್ಲಚ್ಚು ಬಿಟ್ಟರೆ ಎಂಜಿನು ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದೆ ಗೊರಗುಡುತ್ತಲೇ ಇದ್ದರೆ ಕ್ಲಚ್ಚು ಸವೆದಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹಳ್ಳ ಎಷ್ಟೇ ಆಳವಾಗಿ ಕಂಡರೂ ಆರೇಳು ವರ್ಷದ ಟೈರನ್ನು ನಂಬಬಾರದು. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ನೇರ ತಪ್ಪಿದೆ. ಅಪಘಾತವೂ ಕಾರಣವಿರಬಹುದು. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗಾಯಗಳಿದ್ದರೆ ಅದನ್ನು ಒಮ್ಮೆ ಬಿಚ್ಚಿ ಜೋಡಿಸಿದ್ದಾರೆ. ಏಕೆಂದು ಕೇಳಬೇಕು.

ಇತ್ತೀಚಿನ ಸಂಗತಿಯೊಂದನ್ನೂ ಸೇರಿಸಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. 2023ಕ್ಕೆ ಮುಂಚಿನ ಬಹುಪಾಲು ಕಾರುಗಳು ಈ ಮಿಶ್ರಣಕ್ಕೆಂದು ತಯಾರಾದವಲ್ಲ. ಪೆಟ್ರೋಲು ಹರಿಯುವ ರಬ್ಬರು ಕೊಳವೆಗಳನ್ನೂ ವಾಷರುಗಳನ್ನೂ ಮೊದಲ ಸರ್ವಿಸಿನಲ್ಲಿಯೇ ಪರೀಕ್ಷಿಸಿ, ಬಿರುಕು ಕಂಡರೆ ಬದಲಿಸುವುದು ಜಾಣತನ. ಇದು ಸಣ್ಣ ಖರ್ಚು. ಅಲಕ್ಷಿಸಿದರೆ ಬೆಂಕಿಯ ಅಪಾಯ.

ಗಾಳಿಯ ಚೀಲದ ಮಾತು

ಎರಡನೆಯ ಭಾನುವಾರ ನೋಡಿದ ಕಾರಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಬೆಲೆಯೂ ಕೈಗೆಟುಕುವಂತಿತ್ತು, 1,70,000. ಮೇಸ್ತ್ರಿ ಕೂಡ ತಲೆಯಾಡಿಸಿದರು. ಆದರೂ ಅದನ್ನು ಬಿಟ್ಟುಬಂದೆವು. ಅದಕ್ಕೆ ಏರ್‌ಬ್ಯಾಗ್ ಇರಲಿಲ್ಲ.

"ಇಷ್ಟು ದಿನ ಬ್ಯಾಗಿಲ್ಲದ ಕಾರಿನಲ್ಲಿ ಜನ ಓಡಾಡಲಿಲ್ವೆ?" ಎಂದು ಭಾವನವರು ಬೇಸರಗೊಂಡರು. ಓಡಾಡಿದರು, ನಿಜ. ಆದರೆ ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗು ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಹಠಾತ್ತನೆ ಬ್ರೇಕು ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಎಲ್ಲ ಹೊಸ ಕಾರುಗಳಿಗೂ ಬಂದದ್ದು ಅದೇ ವರ್ಷ ಏಪ್ರಿಲಿನಿಂದ. ಅದಕ್ಕೆ ಮೊದಲು ಇವೆರಡೂ ಹೆಚ್ಚು ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿದ್ದ ಅಲಂಕಾರಗಳಂತಿದ್ದವು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಭಾರತದ ಐದು ಸಣ್ಣ ಕಾರುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದರು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ದೊರೆತದ್ದು ಸೊನ್ನೆ. ಅವುಗಳಲ್ಲಿ ಒಂದಕ್ಕೆ ಮುಂದಿನ ಎರಡು ಏರ್‌ಬ್ಯಾಗುಗಳಿದ್ದ ಮಾದರಿಯನ್ನು ಪರೀಕ್ಷಿಸಿದಾಗ ಐದಕ್ಕೆ ನಾಲ್ಕು ನಕ್ಷತ್ರ ಬಂದವು.

ಈ ಸೊನ್ನೆಗೂ ನಾಲ್ಕಕ್ಕೂ ನಡುವಿನ ಅಂತರ ಹಳೆಯ ಕಾರಿನ ಪೇಟೆಯಲ್ಲಿ ಕೆಲವು ಸಾವಿರ ರೂಪಾಯಿಗಳದ್ದು ಮಾತ್ರ. 2014ರ ಕಾರುಗಳಲ್ಲಿಯೂ ಮೇಲಿನ ದರ್ಜೆಯ ಮಾದರಿಗಳಿಗೆ ಏರ್‌ಬ್ಯಾಗುಗಳಿದ್ದವು. ಹುಡುಕುವ ತಾಳ್ಮೆ ಬೇಕು, ಅಷ್ಟೆ. ಹಾಡಿನ ಪೆಟ್ಟಿಗೆ, ಅಗಲ ಚಕ್ರ ಮುಂತಾದ ಸೊಗಸುಗಳಿಗೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಮೇಲು. "ಮಗಳಿಗೆ ಚಿರತೆ ಭಯ ತಪ್ಪಿಸೋಕೆ ಹೋಗಿ ಲಾರಿ ಬಾಯಿಗೆ ಕೊಡೋದೇ?" ಎಂದು ಅಕ್ಕ ಕೇಳಿದ ಮೇಲೆ ಭಾವನವರು ಮರುಮಾತನಾಡಲಿಲ್ಲ.

ಕಾಗದವೇ ಕಾರಿನ ಅರ್ಧ

ನಾಲ್ಕನೆಯ ಭಾನುವಾರ ನಮ್ಮ ಕಾರು ನಂಜನಗೂಡಿನಲ್ಲಿಯೇ ಸಿಕ್ಕಿತು. ನಿವೃತ್ತ ಶಿಕ್ಷಕರೊಬ್ಬರದು. 2014ರ ಅಕ್ಟೋಬರಿನಲ್ಲಿ ನೋಂದಣಿಯಾದದ್ದು, ಒಬ್ಬರೇ ಮಾಲೀಕರು, ಮುಂದೆ ಎರಡು ಏರ್‌ಬ್ಯಾಗು. ಓಡಿದ್ದು 71,000 ಕಿಲೋಮೀಟರು. ಬಾಗಿಲಿನ ಮೇಲೆ ಉದ್ದನೆಯ ಗೀಚು, ಬಂಪರಿನಲ್ಲಿ ಒಂದು ತಗ್ಗು. ಆದರೆ ಅವರು ಬೀರುವಿನಿಂದ ಒಂದು ಕಡತವನ್ನು ತಂದು ಮುಂದಿಟ್ಟರು. ಹನ್ನೊಂದು ವರ್ಷದ ಪ್ರತಿಯೊಂದು ಸರ್ವಿಸಿನ ರಸೀತಿಯೂ ಅದರಲ್ಲಿ ತಾರೀಕಿನ ಪ್ರಕಾರ ಪೋಣಿಸಲ್ಪಟ್ಟಿತ್ತು. ಮೇಸ್ತ್ರಿ ಎಂಜಿನನ್ನು ನೋಡುವ ಮೊದಲೇ ನಾನು ಮನಸ್ಸಿನಲ್ಲಿ ಈ ಕಾರನ್ನು ಕೊಂಡಾಗಿತ್ತು. ಕಾರಿನ ಹೆಸರನ್ನು ಹೇಳುವುದಿಲ್ಲ, ಜಾಹೀರಾತಾದೀತು. ಹೆಸರಿಗಿಂತ ಆ ಕಡತವೇ ಮುಖ್ಯ.

ಬೆಲೆ 2,35,000ಕ್ಕೆ ಇತ್ಯರ್ಥವಾಯಿತು. ಮಿಕ್ಕ 40,000 ಟೈರು, ಬ್ಯಾಟರಿ, ಕೊಳವೆಗಳು ಮತ್ತು ವರ್ಗಾವಣೆಯ ಖರ್ಚಿಗೆ. ಇದ್ದ ಹಣವನ್ನೆಲ್ಲ ಬೆಲೆಗೇ ಸುರಿಯದೆ ಇಷ್ಟನ್ನು ಹಿಂದಿಡುವುದು ಹಳೆಯ ಕಾರು ಕೊಳ್ಳುವವರಿಗೆಲ್ಲ ಅಗತ್ಯ.

ಇನ್ನು ಕಾಗದಪತ್ರ. ನೋಂದಣಿ ಪುಸ್ತಕದಲ್ಲಿರುವ ಚಾಸಿ ಸಂಖ್ಯೆ, ಎಂಜಿನಿನ ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದಿರುವುದರೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಸಾಲದ ಬ್ಯಾಂಕಿನ ಹೆಸರು ಅದರಲ್ಲಿದ್ದರೆ, ಸಾಲ ತೀರಿದ ಪತ್ರದೊಡನೆ 35ನೆಯ ನಮೂನೆಯನ್ನು ಸಲ್ಲಿಸಿ ಮೊದಲು ಅದನ್ನು ತೆಗೆಸಬೇಕು. ಬಾಕಿ ದಂಡಗಳಿವೆಯೇ ಎಂಬುದನ್ನು ನೋಡಬೇಕು. ಮಾರಿದವರೂ ಕೊಂಡವರೂ 29 ಮತ್ತು 30ನೆಯ ನಮೂನೆಗಳಿಗೆ ರುಜು ಮಾಡಬೇಕು. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ ಸಾರಿಗೆ ಕಚೇರಿಗೆ ವರದಿ ಮಾಡಬೇಕು, ಕೊಂಡವರಿಗೆ 30 ದಿನಗಳ ಗಡುವು. ವಿಮೆಯ ಪತ್ರವನ್ನು ತಮ್ಮ ಹೆಸರಿಗೆ ಬದಲಿಸಿಕೊಳ್ಳಲು ಕೊಂಡವರು 14 ದಿನಗಳೊಳಗೆ ಅರ್ಜಿ ಹಾಕಬೇಕು.

"ಪರಿಚಯದವರು, ಆಮೇಲೆ ಮಾಡಿಸಿದರಾಯಿತು" ಎಂಬ ಸೌಜನ್ಯ ಇಲ್ಲಿ ಅಪಾಯಕಾರಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಕಾರು ಮಾರಿ ಎಷ್ಟು ಕಾಲವಾಗಿದ್ದರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಮೇಷ್ಟರಿಗೆ ಈ ಮಾತು ಹೇಳಿದಾಗ ಅವರು, "ನಾಳೆಯೇ ಹೋಗೋಣ. ನಾನು ಎಂದೂ ಹೋಂವರ್ಕು ಬಾಕಿ ಇಟ್ಟವನಲ್ಲ" ಎಂದರು.

ಇನ್ನೊಂದು ಎಚ್ಚರಿಕೆ ಚಿಕ್ಕ ಮಕ್ಕಳ ತಂದೆತಾಯಿಗಳಿಗೆ. ಹದಿನೆಂಟು ತುಂಬದೆ, ಲೈಸೆನ್ಸು ಬಾರದೆ ಬೀಗದ ಕೈ ಕೊಡಬಾರದು. 2019ರ ತಿದ್ದುಪಡಿಯಾದ ಮೇಲೆ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಇದೆ.

ಹಳೆಯದೆಂದರೆ ಏನು?

ಕಾರನ್ನು ಊರಿಗೆ ತರುವ ಮೊದಲು ಮೇಸ್ತ್ರಿ ನಮ್ಮನ್ನು ಕಪಿಲಾ ನದಿಯ ಹಳೆಯ ಸೇತುವೆಯ ಬಳಿ ನಿಲ್ಲಿಸಿದರು. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದೆಂದು ಹೇಳುವ ಕಲ್ಲಿನ ಸೇತುವೆ ಅದು. ಎತ್ತಿನ ಗಾಡಿಗಳಿಗಾಗಿ ಕಟ್ಟಿದ್ದು ಮುಂದೆ ರೈಲನ್ನೂ ಮೋಟಾರನ್ನೂ ಹೊತ್ತಿತು. "ಹಳೇದು ಅಂದ್ರೆ ಬೀಳೋದು ಅಂತಲ್ಲ ಸಾರ್. ನೋಡ್ಕೊಳ್ಳೋರು ಇಲ್ಲದೆ ಹೋದರೆ ಬೀಳೋದು" ಎಂದರು ಮೇಸ್ತ್ರಿ.

ಎರಡು ತಿಂಗಳಲ್ಲಿ ನಾವು ನೋಡಿದ ಒಂಬತ್ತು ಕಾರುಗಳ ಪೈಕಿ ಅತ್ಯಂತ ಹೊಸದಾಗಿ ಕಂಡದ್ದು ನೀರು ಕುಡಿದದ್ದು, ಅತ್ಯಂತ ಹಳೆಯದಾಗಿ ಕಂಡದ್ದು ನಾವು ಕೊಂಡದ್ದು. ಕಾರಿನ ವಯಸ್ಸನ್ನು ಇಸವಿಯಿಂದ ಮಾತ್ರ ಎಣಿಸಿದರೆ ಸಾಲದು, ಅದನ್ನು ನೋಡಿಕೊಂಡ ಕೈಯಿಂದಲೂ ಎಣಿಸಬೇಕು. ಇನ್ನು ಮುಂದೆ ನೋಡಿಕೊಳ್ಳುವ ಕೈ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ನಂಜನಗೂಡಿನ ಗ್ಯಾರೇಜಿನಲ್ಲಿ ರಿಪೇರಿಯಾಗದ, ಬಿಡಿಭಾಗಕ್ಕೆ ಬೆಂಗಳೂರಿಗೆ ಬರೆಯಬೇಕಾದ ಸೊಗಸಿನ ಕಾರು ವಿದ್ಯಾರ್ಥಿಗೆ ಸಲ್ಲದು.

ಹುಡುಗಿ ಮೂರು ಭಾನುವಾರ ಮೇಸ್ತ್ರಿಯ ಗ್ಯಾರೇಜಿನಲ್ಲಿ ಕುಳಿತು ಚಕ್ರ ಬದಲಿಸುವುದು, ಆಯಿಲಿನ ಮಟ್ಟ ನೋಡುವುದು, ರೇಡಿಯೇಟರಿಗೆ ನೀರು ನೋಡುವುದು, ಫ್ಯೂಸು ಹಾಕುವುದು ಕಲಿತಳು. ವೇಣುಗೋಪಾಲಸ್ವಾಮಿಯ ಗುಡಿಯ ಮುಂದೆ ಪೂಜೆಯಾಗಿ, ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು ಒಡೆದವು. ಭಾವನವರು ಮೊದಲ ದಿನ ಪಕ್ಕದಲ್ಲಿ ಕುಳಿತು ಹೋದವರು ಬಾಗಿಲಿನ ಹಿಡಿಯನ್ನು ನಂಜನಗೂಡಿನವರೆಗೂ ಬಿಡಲಿಲ್ಲವಂತೆ.

ಈಗ ಆರು ತಿಂಗಳಾಯಿತು. ಮೊನ್ನೆ ಊರಿಗೆ ಹೋದಾಗ ಅವಳ ನೋಟುಬುಕ್ಕನ್ನು ತೋರಿಸಿದಳು. ಪೆಟ್ರೋಲು, ಆಯಿಲು, ಎರಡು ಟೈರು, ಒಂದು ಬೆಲ್ಟು, ಎಲ್ಲಕ್ಕೂ ತಾರೀಕು, ಎಲ್ಲಕ್ಕೂ ರಸೀತಿ. ಮೇಷ್ಟರ ಕಡತ ಮುಂದುವರಿದಿತ್ತು.

"ನಾಲ್ಕು ವರ್ಷ ಆದ ಮೇಲೆ ಇದನ್ನ ಇನ್ಯಾರೋ ಕೊಳ್ತಾರಲ್ಲ ಮಾವ, ಅವರಿಗೆ ಬೇಕಾಗುತ್ತೆ" ಎಂದಳು.

ಸಂಜೆ ಏಳರ ಹೊತ್ತಿಗೆ ಅಂಗಳಕ್ಕೆ ದೀಪದ ಬೆಳಕು ಬಿತ್ತು, ಕಾರು ನಿಂತ ಸದ್ದಾಯಿತು. ಅಕ್ಕ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಬಂದ್ಯಾ? ಕೈಕಾಲು ತೊಳ್ಕೊಂಡು ಬಾ, ಅಜ್ಜಿ ಕರೀತಾ ಇದ್ದಾರೆ" ಎಂದು ಅಲ್ಲಿಂದಲೇ ಕೂಗಿದಳು. ಬಸ್‌ಸ್ಟ್ಯಾಂಡಿಗೆ ಒಯ್ಯುತ್ತಿದ್ದ ಬ್ಯಾಟರಿ ಗೂಡಿನಲ್ಲಿ ತಣ್ಣಗೆ ಕುಳಿತಿತ್ತು.